ನೆನಪು ಸರಿಯಿದ್ದೂ ಸ್ವಭಾವ ಬದಲಾದರೆ

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ದಿನಸಿ ಅಂಗಡಿಯಿದೆ. ನನ್ನ ಯಜಮಾನರಿಗೆ 54 ವರ್ಷ. ಯಾರ ಬಾಕಿ ಎಷ್ಟೆಂದು ಪುಸ್ತಕ ತೆರೆಯದೆ ಈಗಲೂ ಹೇಳುತ್ತಾರೆ. ಆದರೆ ಎರಡು ವರ್ಷಗಳಿಂದ ಅವರ ಸ್ವಭಾವವೇ ಬೇರೆಯಾಗಿದೆ. ಸ್ವಂತ ಅಣ್ಣನ ಬೊಜ್ಜದ (ಉತ್ತರಕ್ರಿಯೆಯ) ಊಟದಲ್ಲಿ, ಅತ್ತಿಗೆ ಅಳುತ್ತಿರುವಾಗಲೇ ಇನ್ನಷ್ಟು ಪಾಯಸ ಬಡಿಸಿರೆಂದು ಗಟ್ಟಿಯಾಗಿ ಕೂಗಿದರು. ಖಿನ್ನತೆಯೆಂದು ಕೊಟ್ಟ ಮಾತ್ರೆಯಿಂದ ಗುಣ ಕಾಣಲಿಲ್ಲ. ನನ್ನ ಅತ್ತೆಯವರೂ 60ರೊಳಗೆ ಹೀಗೆಯೇ ಆಗಿದ್ದರು. ಇದು ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಇರಬಹುದೇ? ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆಯೇ? 22 ವರ್ಷದ ಮಗಳಿಗೂ ಪರೀಕ್ಷೆ ಬೇಕೇ?

ಉತ್ತರ: ಪತ್ರ ಓದಿ ರೋಗ ನಿರ್ಣಯಿಸಲಾಗದು, ಆದರೆ ನಿಮ್ಮ ಸಂಶಯಕ್ಕೆ ಆಧಾರವಿದೆ, ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಹೆಚ್ಚಾಗಿ 45ರಿಂದ 65ರ ನಡುವೆ ಶುರುವಾಗುವ ಈ ಕಾಯಿಲೆಯಲ್ಲಿ ಮಿದುಳಿನ ಮುಂಭಾಗ ಮತ್ತು ಕಿವಿಯ ಪಕ್ಕದ ಭಾಗಗಳು ಮೊದಲು ಸವೆಯುವುದರಿಂದ, ನೆನಪು ಉಳಿದಿರುವಾಗಲೇ ಸಂಕೋಚ, ಮರುಕ, ಇತಿಮಿತಿಗಳು ಕಳಚಿಕೊಳ್ಳುತ್ತವೆ. ಸಿಹಿಯ ಮೇಲಿನ ಆಸೆಯೂ ವಿಪರೀತವಾಗುತ್ತದೆ. ಆ ದಿನ ಪಾಯಸ ಕೇಳಿದ್ದು ಅವರ ಅಹಂಕಾರದಿಂದ ಅಲ್ಲದಿರಬಹುದು ಎಂಬುದನ್ನು ದಯವಿಟ್ಟು ಅತ್ತಿಗೆಯವರಿಗೂ ತಿಳಿಸಿ. ಸಾಮಾನ್ಯ ನೆನಪಿನ ಪರೀಕ್ಷೆಯಲ್ಲಿ ಇಂಥವರು ಉತ್ತಮ ಅಂಕ ಪಡೆಯುವುದರಿಂದಲೇ ಎಷ್ಟೋ ಮಂದಿಗೆ ವರ್ಷಗಟ್ಟಲೆ ಮನೋರೋಗದ ಚಿಕಿತ್ಸೆ ನಡೆಯುತ್ತದೆ.

ಸಂಶೋಧನೆ ಈಗ ನೆರವಾಗುತ್ತಿರುವುದು ಇಲ್ಲಿಯೇ. ನರತಂತುಗಳು ನಾಶವಾದಾಗ ನ್ಯೂರೊಫಿಲಮೆಂಟ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಖಿನ್ನತೆಯಂಥ ಕಾಯಿಲೆಗಳಿಗಿಂತ ಈ ಡಿಮೆನ್ಶಿಯಾದಲ್ಲಿ ಆ ಪ್ರಮಾಣ ಸಾಮಾನ್ಯವಾಗಿ ಬಹಳ ಹೆಚ್ಚು. ಆದರೂ ಬೇರೆ ನರರೋಗಗಳಲ್ಲೂ ಅದು ಏರುವುದರಿಂದ ಆ ಒಂದೇ ಅಂಕಿಯಿಂದ ರೋಗದ ಹೆಸರು ಹೇಳಲು ಬರುವುದಿಲ್ಲ. ಎಂ.ಆರ್.ಐ. ಜೊತೆಗೆ, ಅಗತ್ಯವಿದ್ದರೆ ಮಿದುಳಿನ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್ ಬೇಕಾಗುತ್ತದೆ. ಆನುವಂಶಿಕ ರೋಗವಿರುವ ಯುರೋಪ್ ಮತ್ತು ಕೆನಡಾದ ಕುಟುಂಬಗಳ ಅಧ್ಯಯನವೊಂದು, ಲಕ್ಷಣ ಕಾಣಿಸಬಹುದಾದ ವಯಸ್ಸಿಗೆ ಸುಮಾರು 10 ವರ್ಷ ಮೊದಲೇ ಮಿದುಳಿನ ಗಾತ್ರದಲ್ಲಿ ವ್ಯತ್ಯಾಸ ಇರುವುದನ್ನು 2015ರಲ್ಲಿ ತೋರಿಸಿತು.

ಮಗಳ ವಿಷಯದಲ್ಲಿ ಅವಸರ ಬೇಡ. ಟೌ, 2006ರಲ್ಲಿ ಪತ್ತೆಯಾದ ಪ್ರೊಗ್ರಾನುಲಿನ್, 2011ರಲ್ಲಿ ಪತ್ತೆಯಾದ ಸಿ9ಆರ್ಫ್72 ಎಂಬ ಮೂರು ಜೀನುಗಳ ದೋಷವೇ ಆನುವಂಶಿಕ ಪ್ರಕರಣಗಳಲ್ಲಿ ಮುಖ್ಯ ಕಾರಣ. ಮೊದಲು ಯಜಮಾನರನ್ನು ಪರೀಕ್ಷಿಸಬೇಕು. ಅವರಲ್ಲಿ ದೋಷ ಕಂಡರೆ ಮಾತ್ರ ಮಗಳ ಪ್ರಶ್ನೆ ಬರುತ್ತದೆ. ಆಗ ಆಕೆಗೆ ಅದು ಬಂದಿರುವ ಸಾಧ್ಯತೆ ಶೇ. 50. ರೋಗವನ್ನು ತಡೆಯುವ ಔಷಧಿ ಇನ್ನೂ ಇಲ್ಲವಾದ್ದರಿಂದ, ಆನುವಂಶಿಕ ಆಪ್ತಸಲಹೆ ಪಡೆದು, ತಿಳಿಯಬೇಕೋ ಬೇಡವೋ ಎಂದು ಆಕೆಯೇ ತೀರ್ಮಾನಿಸಲಿ.

ವೈದ್ಯರಲ್ಲಿಗೆ ಹೋಗುವಾಗ ಯಾವ ತಿಂಗಳು ಏನು ಬದಲಾಯಿತೆಂದು ಬರೆದು ಒಯ್ಯಿರಿ. ಬೊಜ್ಜದ ದಿನದ ಘಟನೆಯನ್ನೂ ಬರೆಯಿರಿ, ಏಕೆಂದರೆ ಯಜಮಾನರು ತನಗೇನೂ ಆಗಿಲ್ಲವೆಂದೇ ಹೇಳಬಹುದು. ಥೈರಾಯ್ಡ್, ಬಿ12 ಪರೀಕ್ಷೆಗಳನ್ನೂ ಮಾಡಿಸಿ. ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಇದರಲ್ಲಿ ಉಪಯೋಗಕ್ಕೆ ಬಾರದು, ಕೆಲವರಲ್ಲಿ ಚಡಪಡಿಕೆ ಹೆಚ್ಚಿಸುತ್ತದೆ. ಇಂಥವರು ಹಣದ ವಿಷಯದಲ್ಲಿ ಸುಲಭವಾಗಿ ಮೋಸಹೋಗುವುದರಿಂದ, ವರದಿಗಳಿಗೆ ಕಾಯದೆ ಅಂಗಡಿಯ ಚೆಕ್ ಪುಸ್ತಕವನ್ನು ಈ ವಾರವೇ ನಿಮ್ಮ ಸುಪರ್ದಿಗೆ ತೆಗೆದುಕೊಳ್ಳಿ.