ಬಡ್ತಿ ಸಿಕ್ಕಿದೆ, ಮ್ಯಾನೇಜ್‌ಮೆಂಟ್ ಕೋರ್ಸ್‌ಗೆ ದುಡ್ಡು ಕಟ್ಟಬೇಕಾ?

ಮೇಡಂ, ಮೊದಲು ಅಭಿನಂದನೆ. ತುಮಕೂರಿನಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿದ್ದೆ, ಈಗ ಸೂಪರಿಂಟೆಂಡೆಂಟ್, ಕೈಕೆಳಗೆ 6 ಜನ, ಖಾಸಗಿ ಸರ್ಟಿಫಿಕೇಟ್ ಕೋರ್ಸ್‌ಗೆ 40,000 ರೂಪಾಯಿ ಕಟ್ಟಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಮುಂದಿನ ಬಡ್ತಿಗೆ ನೋಡುವುದು ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮವನ್ನು. ಅದರಲ್ಲಿ ಕೇಳಿರುವ ಕೆಪಿಎಸ್‌ಸಿ ಇಲಾಖಾ ಪರೀಕ್ಷೆ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಅದರಲ್ಲಿನ ಅಕೌಂಟ್ಸ್ ಹೈಯರ್ ಪೇಪರ್ ಅಂದರೆ ಎಲ್ಲರೂ ಮುಂದೂಡುತ್ತಾರೆ, ನಾನೂ ಮುಂದೂಡಿದ್ದೆ!

ಕಲಿಯುವ ಆಸೆ ಇದ್ದರೆ ಸರ್ಕಾರಿ ನೌಕರರಿಗೆ ಆನ್‌ಲೈನ್ ತರಬೇತಿ ಕೊಡುವ ಐಗಾಟ್ ಕರ್ಮಯೋಗಿ ಪೋರ್ಟಲ್ ನೋಡಿ. ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿದ ಮಿಷನ್ ಕರ್ಮಯೋಗಿ ಯೋಜನೆಯದ್ದು. ಫೀಸು ಇಲ್ಲ, ಸರ್ಟಿಫಿಕೇಟೂ ಸಿಗುತ್ತದೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ, ಇಲ್ಲವೇ ಜಿಲ್ಲಾ ತರಬೇತಿ ಸಂಸ್ಥೆಗೆ ಹೆಸರು ಕಳಿಸಿ ಅಂತ ಸಾಹೇಬರಿಗೆ ಒಂದು ಮನವಿ ಕೊಟ್ಟಿಡಿ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ.

ಜನರನ್ನು ನಿಭಾಯಿಸುವುದು ಮಾತ್ರ ಬೇರೆ ವಿದ್ಯೆ. ಕೋಲಾರದಲ್ಲಿ ಸೆಕ್ಷನ್ ವಹಿಸಿಕೊಂಡ ಹೊಸದರಲ್ಲಿ ತಪ್ಪಿದ ಡ್ರಾಫ್ಟನ್ನೆಲ್ಲ ನಾನೇ ತಿದ್ದಿ ಬರೆಯುತ್ತಿದ್ದೆ. ಮೂರೇ ತಿಂಗಳಿಗೆ ಎಲ್ಲರೂ ಅರ್ಧಂಬರ್ಧ ಬರೆದು ನನ್ನ ಟೇಬಲ್ಲಿಗೆ ತಳ್ಳತೊಡಗಿದರು. ಆಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ವಾಪಸ್ ಕೊಡಲು ಶುರು ಮಾಡಿದೆ. ಸೋಮವಾರ ಬೆಳಿಗ್ಗೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ, ಸಕಾಲ ಯೋಜನೆಯ ಗಡುವು ಹತ್ತಿರ ಬಂದ ಅರ್ಜಿ ಯಾವುದು, ಆರ್‌ಟಿಐ ಅರ್ಜಿಗೆ 30 ದಿನ ಎಂದಿಗೆ ಮುಗಿಯುತ್ತದೆ ಅಂತ ಟಪಾಲು ರಿಜಿಸ್ಟರ್ ತೆರೆದೇ ಕೇಳುತ್ತೇನೆ. ಯಾರಿಗೂ ಬೈಯುವ ಕೆಲಸವೇ ಬೀಳುವುದಿಲ್ಲ.

ನಿಮ್ಮದು ಯಾವ ಇಲಾಖೆ ಅಂತ ಬರೆಯಿರಿ, ಇಲಾಖಾ ಪರೀಕ್ಷೆಯ ಯಾವ ಪೇಪರ್ ಬೇಕು ನೋಡೋಣ.