ಗಾಡಿ ಮಾರುವ ಮೊದಲು ಗ್ಯಾಲನ್ ಲೆಕ್ಕ ಹಾಕಿ: ಇಂಧನ ದರ, ಜಿಯೋಕ್ಯಾಶಿಂಗ್ ಪ್ರಯಾಣ ಮತ್ತು ವಾಹನದ ಆಯ್ಕೆ

ಪೆಟ್ರೋಲ್ ದರ ಏರಿದಾಗಲೆಲ್ಲ ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಜಿಪಿಎಸ್ ಗುರುತು ಹಿಡಿದು ಬಚ್ಚಿಟ್ಟ ಡಬ್ಬಿಗಳನ್ನು ಹುಡುಕುವ ಜಿಯೋಕ್ಯಾಶಿಂಗ್ ಹವ್ಯಾಸಕ್ಕಾಗಿ ನೂರಾರು ಮೈಲಿ ಗಾಡಿ ಓಡಿಸುವವರು, ಅದರಲ್ಲೂ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು, ಕಳೆದ ಕೆಲವು ವಾರಗಳಿಂದ ಒಂದೇ ಸಮನೆ ಕೇಳುತ್ತಿರುವುದರಿಂದ ಈ ಸಲದ ಅಂಕಣವನ್ನು ಅವರಿಗೇ ಮೀಸಲಿಟ್ಟಿದ್ದೇನೆ. ಸರ್ವಿಸ್ ಕಾಲಕ್ಕೆ ಸರಿಯಾಗಿ ಮಾಡಿಸಬೇಕು, ಟೈರಿನ ಗಾಳಿ ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ಅದನ್ನು ಮಾಡದವರಿಗೆ ಯಾವ ಗಾಡಿಯೂ ಉಳಿತಾಯ ಕೊಡದು.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮಕ್ಕಳನ್ನು ಕರೆದುಕೊಂಡು ವಾರಾಂತ್ಯದಲ್ಲಿ ಜಿಯೋಕ್ಯಾಶಿಂಗ್‌ಗೆ ಹೋಗುವ ರೂಢಿ. ನಮ್ಮದು ಮೂರು ಸಾಲು ಸೀಟಿನ ಎಸ್‌ಯುವಿ. ಗ್ಯಾಲನ್‌ಗೆ (ಸುಮಾರು 3.8 ಲೀಟರಿಗೆ) 20 ಮೈಲಿ ಕೊಡುತ್ತದೆ. ಸೆಪ್ಟೆಂಬರ್‌ನಲ್ಲಿ ನೆವಾಡಾದ ಎಕ್ಸ್‌ಟ್ರಾಟೆರೆಸ್ಟ್ರಿಯಲ್ ಹೈವೇ ಕಡೆ ಹೋಗಿ, ರಸ್ತೆಯುದ್ದಕ್ಕೂ ಸಾಲಾಗಿ ಡಬ್ಬಿ ಇಟ್ಟಿರುವ ಪವರ್ ಟ್ರೇಲ್ ಮಾಡಬೇಕೆಂದಿದ್ದೇವೆ. ದರ ಹೀಗೆ ಏರುತ್ತಿರುವಾಗ ಈ ಗಾಡಿಯನ್ನು ಮಾರಿ, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕೊಳ್ಳುವುದು ಜಾಣತನವಲ್ಲವೇ?

ಉತ್ತರ: ದರ ಏರಿದೆ ಎಂಬ ಒಂದೇ ಕಾರಣಕ್ಕೆ ಮಾರುವುದು ಜಾಣತನವಲ್ಲ. 2008ರ ಜುಲೈನಲ್ಲಿ ಅಮೆರಿಕದ ಸರಾಸರಿ ದರ ಗ್ಯಾಲನ್‌ಗೆ 4 ಡಾಲರ್ ದಾಟಿದಾಗ ದೊಡ್ಡ ಗಾಡಿಗಳನ್ನು ಕೇಳುವವರಿಲ್ಲದೆ ಅವುಗಳ ಮರುಮಾರಾಟದ ಬೆಲೆ ಕುಸಿದಿತ್ತು; ಗಾಬರಿಯಲ್ಲಿ ಸಿಕ್ಕಷ್ಟಕ್ಕೆ ಕೊಟ್ಟವರು, ಅದೇ ಡಿಸೆಂಬರ್ ಹೊತ್ತಿಗೆ ಪೆಟ್ರೋಲ್ 2 ಡಾಲರ್‌ಗಿಂತ ಕೆಳಗಿಳಿದದ್ದನ್ನು ನೋಡಬೇಕಾಯಿತು. 2022ರ ಜೂನ್‌ನಲ್ಲಿ ಸರಾಸರಿ 5 ಡಾಲರ್ ಮುಟ್ಟಿ, ನಿಮ್ಮ ರಾಜ್ಯದಲ್ಲಿ 6 ದಾಟಿದಾಗಲೂ ಜನ ಅದೇ ದಾರಿ ಹಿಡಿದರು. ದರ ತುದಿಯಲ್ಲಿರುವಾಗ ನಿಮ್ಮ ಗಾಡಿಗೆ ಅತಿ ಕಡಿಮೆ ಬೆಲೆ, ನೀವು ಕೊಳ್ಳಬೇಕೆಂದಿರುವ ಗಾಡಿಗೆ ಅತಿ ಹೆಚ್ಚು ಬೆಲೆ ಇರುತ್ತದೆ. ಎರಡೂ ಕಡೆಯಿಂದ ನಷ್ಟವಾಗುವುದು ನಿಮಗೇ.

ಈಗ ಲೆಕ್ಕ. ನೀವು ವರ್ಷಕ್ಕೆ 12,000 ಮೈಲಿ ಓಡಿಸುತ್ತೀರಿ ಎಂದುಕೊಳ್ಳೋಣ. ಈಗಿನ ಗಾಡಿಗೆ 600 ಗ್ಯಾಲನ್ ಬೇಕು. 2021ರ ಮಾದರಿಯಿಂದ ಹೈಬ್ರಿಡ್ ಆಗಿಯೇ ಬರುತ್ತಿರುವ ಟೊಯೋಟಾ ಸಿಯೆನ್ನಾದಂಥ, ಗ್ಯಾಲನ್‌ಗೆ 36 ಮೈಲಿ ಕೊಡುವ ಮಿನಿವ್ಯಾನ್‌ಗೆ 333 ಗ್ಯಾಲನ್ ಸಾಕು. ಉಳಿಯುವುದು 267 ಗ್ಯಾಲನ್. ದರ 4 ಡಾಲರ್ ಇದ್ದಾಗ ಅದು 1,068 ಡಾಲರ್, 5 ಆದಾಗ 1,335. ಅಂದರೆ ದರ ಪೂರ್ತಿ ಒಂದು ಡಾಲರ್ ಏರಿದ್ದರಿಂದ ನಿಮ್ಮ ತೀರ್ಮಾನದಲ್ಲಿ ಆದ ವ್ಯತ್ಯಾಸ ವರ್ಷಕ್ಕೆ 267 ಡಾಲರ್ ಮಾತ್ರ. 4 ಡಾಲರ್ ದರದಲ್ಲಿ ಗಾಡಿ ಬದಲಿಸುವುದು ಲಾಭವೆನಿಸದಿದ್ದರೆ, 5 ಆದ ಮಾತ್ರಕ್ಕೆ ಅದು ಲಾಭವಾಗುವ ಸಂಭವ ಕಡಿಮೆ. ನೋಂದಣಿ, ತೆರಿಗೆ, ವಿಮೆಯ ಹೆಚ್ಚಳ, ಸಾಲದ ಬಡ್ಡಿ ಇವಿಷ್ಟನ್ನು ಕೂಡಿಸಿದರೇ ಮೊದಲ ವರ್ಷದ ಉಳಿತಾಯ ಕರಗಿಹೋಗುತ್ತದೆ. ನಿಮ್ಮ ಗಾಡಿ ಹಳತಾಗಿ ಹೇಗೂ ಬದಲಿಸುವ ಕಾಲ ಬಂದಿದ್ದರೆ ಮಾತು ಬೇರೆ. ಆಗ ಹೈಬ್ರಿಡ್ ತೆಗೆದುಕೊಳ್ಳಿ ಎಂದು ಎರಡು ಮಾತಿಲ್ಲದೆ ಹೇಳುತ್ತೇನೆ.

ಇನ್ನು ನಿಮ್ಮ ಪ್ರಯಾಣದ ವಿಚಾರ. ಟಯೋಗಾ ಪಾಸ್ ಎಂಬ ಬೆಟ್ಟದ ದಾರಿ ತೆರೆದಿರುವಾಗ ಅಲ್ಲಿಂದ ಹೋಗಿ ಬರಲು ಸರಿಸುಮಾರು 950 ಮೈಲಿಯಾದರೆ ನಿಮಗೆ 48 ಗ್ಯಾಲನ್ ತಗಲುತ್ತದೆ. ಈ 48 ಗ್ಯಾಲನ್‌ನಲ್ಲಿ ನಿಮ್ಮ ಕೈಯಲ್ಲೇ ಇರುವ ಪಾಲು ಎಷ್ಟೆಂಬುದನ್ನು ಯಾರೂ ಕೇಳುವುದಿಲ್ಲ. ಗಾಡಿಯ ತಲೆಯ ಮೇಲೆ ಕಟ್ಟುವ ಸಾಮಾನಿನ ಪೆಟ್ಟಿಗೆಯನ್ನೇ ನೋಡಿ: ಗಂಟೆಗೆ 65ರಿಂದ 75 ಮೈಲಿ ವೇಗದಲ್ಲಿ ಅದು ಮೈಲೇಜನ್ನು ಶೇ 10ರಿಂದ 25ರವರೆಗೆ ಇಳಿಸುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳಿದೆ. ಅದೇ ಸಾಮಾನನ್ನು ಹಿಂಬದಿಯ ಕೊಕ್ಕೆಗೆ ಸಿಕ್ಕಿಸುವ ಪೆಟ್ಟಿಗೆಯಲ್ಲಿಟ್ಟರೆ ಹೈವೇಯಲ್ಲಿ ನಷ್ಟ ಶೇ 5ರ ಒಳಗೇ ಉಳಿಯುತ್ತದೆ. ನಾಲ್ಕು ಜನರ ಕುಟುಂಬ ಮೂರನೆಯ ಸಾಲಿನ ಸೀಟು ಮಡಚಿ ಸಾಮಾನು ಒಳಗಿಟ್ಟುಕೊಂಡು ಹೋಗಬಹುದಾಗಿದ್ದರೂ, ಖಾಲಿ ಪೆಟ್ಟಿಗೆಯನ್ನು ವರ್ಷವಿಡೀ ಮೇಲೆ ಹೊತ್ತು ತಿರುಗುವವರು ಇಂಧನ ದರದ ಬಗ್ಗೆ ನನಗೆ ಪತ್ರ ಬರೆಯುವುದು ನಿಜಕ್ಕೂ ಬೇಸರ ತರುತ್ತದೆ. ವೇಗದ ವಿಷಯವೂ ಹಾಗೆಯೇ. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ಅನುಗುಣವಾಗಿ ಏರುವುದರಿಂದ, ಗಂಟೆಗೆ 50 ಮೈಲಿ ದಾಟಿದ ಮೇಲೆ ಮೈಲೇಜ್ ಬೇಗನೆ ಇಳಿಯುತ್ತದೆ. 75ರ ಬದಲು 65ರಲ್ಲಿ ಹೋಗುವುದಕ್ಕೆ ಹೊಸ ಗಾಡಿ ಬೇಕಿಲ್ಲ.

ಪವರ್ ಟ್ರೇಲ್‌ನ ಭೌತಶಾಸ್ತ್ರ ಬೇರೆಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಗಾಡಿಯ ಮೇಲೆ ಬರೆದಿರುವ ಮೈಲೇಜ್ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ನಿಯಮದ ಪ್ರಕಾರ ಎರಡು ಡಬ್ಬಿಗಳ ನಡುವೆ ಕನಿಷ್ಠ 0.1 ಮೈಲಿ, ಅಂದರೆ 161 ಮೀಟರ್ ಅಂತರವಿರಬೇಕು; ಪವರ್ ಟ್ರೇಲ್‌ಗಳಲ್ಲಿ ಹೆಚ್ಚಾಗಿ ಆ ಕನಿಷ್ಠ ಅಂತರಕ್ಕೇ ಇಟ್ಟಿರುತ್ತಾರೆ. ಹಾಗಾಗಿ ನೀವು ಪ್ರತಿ 161 ಮೀಟರಿಗೊಮ್ಮೆ ವೇಗ ಹೆಚ್ಚಿಸಿ, ಬ್ರೇಕ್ ಒತ್ತಿ, ನಿಲ್ಲಿಸುತ್ತೀರಿ. ಜನರೂ ಸೇರಿ 2,200 ಕಿಲೋ ತೂಗುವ ಗಾಡಿಯನ್ನು ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಏರಿಸಿ ನಿಲ್ಲಿಸಿದರೆ ಒಂದೊಂದು ಸಲಕ್ಕೂ ಸುಮಾರು 212 ಕಿಲೋಜೂಲ್ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ ಎಂದು ಹಿಡಿದರೆ, ಸಾವಿರ ಡಬ್ಬಿಗೆ ಬರೀ ಈ ಏರಿಸಿ ನಿಲ್ಲಿಸುವ ಆಟಕ್ಕೇ 26 ಲೀಟರ್, ಅಂದರೆ 7 ಗ್ಯಾಲನ್ ಖರ್ಚು. ಅದೇ ಗಾಡಿಯನ್ನು ಡಬ್ಬಿಯಿಂದ ಡಬ್ಬಿಗೆ ಗಂಟೆಗೆ 30 ಕಿಲೋಮೀಟರ್ ಮೀರದಂತೆ ನಡೆಸಿದರೆ ಎರಡೂವರೆ ಗ್ಯಾಲನ್‌ನಲ್ಲಿ ಮುಗಿಯುತ್ತದೆ. ಅಷ್ಟು ಕಡಿಮೆ ದೂರದಲ್ಲಿ 30ಕ್ಕೂ 50ಕ್ಕೂ ಸಮಯದ ವ್ಯತ್ಯಾಸ ಕೆಲವು ಸೆಕೆಂಡುಗಳಷ್ಟೇ. ಹಿಂದಿನಿಂದ ಗಾಡಿ ಬರುತ್ತಿದ್ದರೆ ಮಾತ್ರ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಸರಿಯಿರಿ. ಅದು ಹೈವೇ, ನಿಮ್ಮ ಬಡಾವಣೆಯ ಬೀದಿಯಲ್ಲ.

ಬ್ರೇಕ್ ಒತ್ತುವಾಗ ಕಳೆದುಹೋಗುವ ಶಕ್ತಿಯ ದೊಡ್ಡ ಪಾಲನ್ನು ಬ್ಯಾಟರಿಗೆ ವಾಪಸು ಎಳೆದುಕೊಳ್ಳುವುದರಿಂದಲೂ, ನಿಂತಾಗ ಎಂಜಿನ್ ತಾನಾಗಿ ಆರುವುದರಿಂದಲೂ ಹೈಬ್ರಿಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ವರ್ಷಕ್ಕೊಂದು ಪವರ್ ಟ್ರೇಲ್‌ಗಾಗಿ ಹೈಬ್ರಿಡ್ ಕೊಳ್ಳಬೇಡಿ. ಬೇಕೇಬೇಕೆಂದರೆ ಆ ನಾಲ್ಕು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳಿ. ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿಸಬಾರದೆಂಬ ಷರತ್ತು ಅನೇಕ ಬಾಡಿಗೆ ಕರಾರುಗಳಲ್ಲಿ ಇರುತ್ತದೆ, ಸಹಿ ಹಾಕುವ ಮೊದಲು ಓದಿ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಹೈಬ್ರಿಡ್ ನಿಶ್ಶಬ್ದವಾಗಿ ನಿಂತಿದ್ದರೂ ಅದು ಆರಿರುವುದಿಲ್ಲ. ಚಾಲಕ ಇಳಿಯುವುದಾದರೆ ಪಾರ್ಕ್‌ಗೆ ಹಾಕಿ, ಬಟನ್ ಒತ್ತಿ ಆರಿಸಿಯೇ ಇಳಿಯಬೇಕು. ಮಕ್ಕಳು ಒಳಗಿರುವಾಗಂತೂ ಚಾಲಕ ಸೀಟು ಬಿಟ್ಟು ಏಳಲೇಕೂಡದು.

ನಿಮ್ಮ ಈಗಿನ ಗಾಡಿಯನ್ನೇ ಒಯ್ಯುವುದಾದರೆ ಪ್ರತಿ ಡಬ್ಬಿಯ ಬಳಿಯೂ ಎಂಜಿನ್ ಆರಿಸಬೇಕೇ ಎಂದು ನೀವು ಮುಂದೆ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಆರಿಸುವುದೇ ಲೇಸು ಎಂಬ ಸಲಹೆ ಊರಿನ ಓಡಾಟಕ್ಕೆ ಸರಿ. ಆದರೆ ತಾನಾಗಿ ಆರಿ ಹೊತ್ತಿಕೊಳ್ಳುವ ವ್ಯವಸ್ಥೆ ಇಲ್ಲದ ಗಾಡಿಯ ಸ್ಟಾರ್ಟರ್ ಮೋಟಾರು ದಿನಕ್ಕೆ ನೂರಾರು ಸಲ ತಿರುಗಲು ಮಾಡಿದ್ದಲ್ಲ. ಎರಡು ಸ್ಟಾರ್ಟ್‌ಗಳ ನಡುವಿನ ಅರ್ಧ ನಿಮಿಷದ ಓಟದಲ್ಲಿ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದೂ ಇಲ್ಲ. ನಿಂತ ಎಂಜಿನ್ ಗಂಟೆಗೆ ಕಾಲು ಗ್ಯಾಲನ್‌ನಿಂದ ಅರ್ಧ ಗ್ಯಾಲನ್‌ವರೆಗೆ ಸುಡುತ್ತದೆ. ಒಂದೊಂದು ಡಬ್ಬಿಗೆ ಅರ್ಧ ನಿಮಿಷದಂತೆ ಸಾವಿರ ಡಬ್ಬಿಗೆ ಎರಡರಿಂದ ನಾಲ್ಕು ಗ್ಯಾಲನ್. ಇಷ್ಟನ್ನು ಉಳಿಸಲು ಹೋಗಿ, ನಿರ್ಜನ ರಸ್ತೆಯಲ್ಲಿ ಸ್ಟಾರ್ಟ್ ಆಗದ ಗಾಡಿಯೊಂದಿಗೆ ಮಕ್ಕಳನ್ನು ಕಟ್ಟಿಕೊಂಡು ನಿಲ್ಲುವುದನ್ನು ನಾನು ಒಪ್ಪುವುದಿಲ್ಲ. ಆರಿಸಬೇಡಿ, ನಿಲ್ಲುವ ಸಂಖ್ಯೆಯನ್ನೇ ಇಳಿಸಿ. ದೊಡ್ಡವರೊಬ್ಬರು ಒಂದು ಡಬ್ಬಿಯ ಬಳಿ ಇಳಿದು, ಅದನ್ನು ಮುಗಿಸಿ, ಮುಂದಿನದಕ್ಕೆ ನಡೆದೇ ಹೋಗಲಿ. 161 ಮೀಟರ್ ಎಂದರೆ ಎರಡು ನಿಮಿಷದ ನಡಿಗೆ. ಗಾಡಿ ಮೂರನೆಯದರ ಬಳಿ ಕಾಯಲಿ. ನಡೆಯುವವರ ಮೈಮೇಲೆ ಹೊಳೆಯುವ ಜಾಕೆಟ್ ಇರಲಿ.

ಎಲೆಕ್ಟ್ರಿಕ್ ಗಾಡಿಯ ಬಗ್ಗೆ: ನಿಂತು ಹೊರಡುವುದರಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ. ಊರ ಸುತ್ತಮುತ್ತ ಡಬ್ಬಿ ಹುಡುಕುವವರು, ಮನೆಯಲ್ಲೇ ಚಾರ್ಜಿಂಗ್ ಇದ್ದರೆ, ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ನೀವು ಹೊರಟಿರುವ ಎಕ್ಸ್‌ಟ್ರಾಟೆರೆಸ್ಟ್ರಿಯಲ್ ಹೈವೇಯ, ಅಂದರೆ ನೆವಾಡಾದ 375ನೇ ರಾಜ್ಯ ಹೆದ್ದಾರಿಯ ಮಾತು ಹಾಗಲ್ಲ. ಸುಮಾರು 98 ಮೈಲಿ ಉದ್ದದ ಆ ರಸ್ತೆಯಲ್ಲಿ ರೇಚಲ್ ಎಂಬ ಪುಟ್ಟ ಊರೊಂದನ್ನು ಬಿಟ್ಟರೆ ಜನವಸತಿಯೇ ಇಲ್ಲ. ದನಗಳು ಬೇಲಿಯಿಲ್ಲದೆ ರಸ್ತೆಗೆ ಬರುತ್ತವೆ. ಟೋನೋಪಾದಲ್ಲೋ ಅಲಾಮೊದಲ್ಲೋ ಟ್ಯಾಂಕ್ ತುಂಬಿಸಿಕೊಂಡೇ ಆ ರಸ್ತೆಗೆ ಇಳಿಯಬೇಕು, ಟ್ಯಾಂಕ್ ಅರ್ಧಕ್ಕೆ ಇಳಿದಾಗ ವಾಪಸು ಹೊರಡಬೇಕು. ಇಂಥ ಕಡೆಗೆ ಗಾಡಿ ಆಯ್ದುಕೊಳ್ಳುವಾಗ ನಾನು ಮೈಲೇಜಿಗಿಂತ ಮೊದಲು ನೋಡುವುದು ಡಿಕ್ಕಿಯ ತಳವನ್ನು. ಈಗಿನ ಅನೇಕ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಅದರ ಬದಲು ಅಂಟಿನ ಬಾಟಲಿ, ಪುಟ್ಟ ಗಾಳಿ ಪಂಪು ಇಟ್ಟಿರುತ್ತಾರೆ. ಟೈರಿನ ಪಕ್ಕೆ ಕಲ್ಲಿಗೆ ಸೀಳಿದರೆ ಆ ಅಂಟು ಯಾವ ಕೆಲಸಕ್ಕೂ ಬಾರದು. ಪೂರ್ತಿ ಅಳತೆಯ ಸ್ಟೆಪ್ನಿ ಇರುವುದಾದರೆ ನಿಮ್ಮ ಈಗಿನ ಎಸ್‌ಯುವಿ ಆ ಮರಳುಗಾಡಿನಲ್ಲಿ ಕೆಲವು ಗ್ಯಾಲನ್ ಹೆಚ್ಚು ಕುಡಿದರೂ ನನ್ನ ಮತ ಅದಕ್ಕೇ. ಸ್ಟೆಪ್ನಿಗೆ ಕೊನೆಯ ಸಲ ಗಾಳಿ ಹಾಕಿಸಿದ್ದು ಯಾವಾಗ ಎಂದು ಇವತ್ತೇ ನೋಡಿ.

ಪ್ರಶ್ನೆ: ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ‘ಇಂಧನ ಉಳಿತಾಯದ ಚಿಪ್’ ಶೇ 35 ಉಳಿಸುತ್ತದಂತೆ. ದೂರ ಪ್ರಯಾಣಕ್ಕೆ ಮೊದಲು ಹಾಕಿಸಲೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಡ. ಅಂಥದ್ದೊಂದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಒಳಗೆ ಇದ್ದದ್ದು ಮಿನುಗುವ ಒಂದೆರಡು ಎಲ್‌ಇಡಿ, ಅವುಗಳನ್ನು ಮಿನುಗಿಸುವ ಒಂದು ಪುಟ್ಟ ಐಸಿ, ನಾಲ್ಕಾರು ರೆಸಿಸ್ಟರ್. ಗಾಡಿಯ ಕಂಪ್ಯೂಟರ್ ಜೊತೆ ಮಾತಾಡಬೇಕಾದ ಪಿನ್‌ಗಳಿಗೆ ತಂತಿಯನ್ನೇ ಬೆಸುಗೆ ಹಾಕಿರಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ವರ್ಷಗಳ ಕಾಲ ಪರೀಕ್ಷಿಸಿದೆ. ಅವುಗಳಲ್ಲಿ ಬೆರಳೆಣಿಕೆಯವು ತೀರ ಅಲ್ಪ ಉಪಯೋಗ ಕೊಟ್ಟವು, ಕೆಲವು ಎಂಜಿನ್ನಿಗೇ ಹಾನಿ ಮಾಡಬಲ್ಲವು. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಊದುವ ಕಿಟ್, ಟ್ಯಾಂಕಿಗೆ ಹಾಕುವ ಮಾತ್ರೆ ಎಲ್ಲವೂ ಇದೇ ಸಂತೆಯ ಸರಕು. ದರ ಏರಿದ ಸಮಯ ನೋಡಿ ಜನರ ಕಷ್ಟವನ್ನು ಕಾಸು ಮಾಡಿಕೊಳ್ಳುವವರ ಬಗ್ಗೆ ನನಗೆ ಕಿಂಚಿತ್ತೂ ಕನಿಕರವಿಲ್ಲ. ಕೊಂಡುಬಿಟ್ಟಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಿ.

ಪ್ರಶ್ನೆ: ಮನೆಯಲ್ಲಿ ಎರಡು ಗಾಡಿ. ಹಳೆಯದು ಲೀಟರಿಗೆ 8 ಕಿ.ಮೀ., ಸಣ್ಣ ಕಾರು 20 ಕಿ.ಮೀ. ಕೊಡುತ್ತದೆ. ಹಳೆಯದರ ಬದಲು 10 ಕೊಡುವುದು, ಇಲ್ಲವೇ ಸಣ್ಣದರ ಬದಲು 25 ಕೊಡುವುದು ತರಬಹುದು. ಎರಡನ್ನೂ ಒಂದೇ ಸಮ ಓಡಿಸುತ್ತೇವೆ. ಎರಡನೆಯದರಲ್ಲೇ ಲಾಭ ಹೆಚ್ಚಲ್ಲವೇ? (ಮೈಸೂರಿನ ಓದುಗರು)

ಉತ್ತರ: ಅಲ್ಲ. ‘ಎಷ್ಟು ಮೈಲೇಜ್ ಕೊಡುತ್ತದೆ’ ಎಂದೇ ಕೇಳುವ ನಮ್ಮ ಅಭ್ಯಾಸ ಹುಟ್ಟಿಸುವ ತಪ್ಪು ಇದು. 10,000 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳಿಕೊಳ್ಳಿ. 8ರಿಂದ 10ಕ್ಕೆ ಹೋದರೆ 1,250 ಲೀಟರ್ ಇದ್ದದ್ದು 1,000 ಆಗುತ್ತದೆ; 20ರಿಂದ 25ಕ್ಕೆ ಹೋದರೆ 500 ಇದ್ದದ್ದು 400. ಮೊದಲನೆಯದರಲ್ಲಿ 250 ಲೀಟರ್ ಉಳಿತಾಯ, ಎರಡನೆಯದರಲ್ಲಿ 100. ಹೆಚ್ಚು ಕುಡಿಯುವ ಗಾಡಿಯನ್ನೇ ಮೊದಲು ಬದಲಿಸಿ. ಅಲ್ಲಿಯವರೆಗೆ ದೂರದ ಪ್ರಯಾಣಕ್ಕೆ ಸಣ್ಣ ಕಾರನ್ನೇ ತೆಗೆಯಿರಿ.

ಪ್ರಶ್ನೆ: ಬೆಳಗಿನ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆಯೇ? ದುಬಾರಿ ಪ್ರೀಮಿಯಂ ಪೆಟ್ರೋಲಿನಿಂದ ಮೈಲೇಜ್ ಏರುತ್ತದೆಯೇ? (ಹಲವರು)

ಉತ್ತರ: ಬಂಕಿನ ಟ್ಯಾಂಕ್ ನೆಲದಡಿ ಇರುವುದರಿಂದ ಬೆಳಗಿಗೂ ಮಧ್ಯಾಹ್ನಕ್ಕೂ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವಿಲ್ಲ. ಗಾಡಿಯ ಕೈಪಿಡಿ ಕೇಳದಿದ್ದರೆ ಪ್ರೀಮಿಯಂ ಹಾಕಿಸುವುದು ದಂಡ.

ಪ್ರಶ್ನೆ: ಜಿಯೋಕ್ಯಾಶಿಂಗ್‌ಗೆಂದು ಬೆಂಗಳೂರಿನಿಂದ ಕರಾವಳಿ ಕಡೆ ಹೋಗುತ್ತಿರುತ್ತೇವೆ. 2024ರ ಜೂನ್‌ನಲ್ಲಿ ರಾಜ್ಯದಲ್ಲಿ ಮಾರಾಟ ತೆರಿಗೆ ಏರಿ ಪೆಟ್ರೋಲ್ 3 ರೂಪಾಯಿ ತುಟ್ಟಿಯಾದ ಮೇಲೆ, ಚಾರ್ಮಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ ಇಳಿಸುತ್ತಿದ್ದೇವೆ. ಇದರಿಂದ ಎಷ್ಟು ಉಳಿಯಬಹುದು?

ಉತ್ತರ: ಏನೂ ಉಳಿಯುವುದಿಲ್ಲ, ಮತ್ತು ಇದನ್ನು ಇವತ್ತೇ ನಿಲ್ಲಿಸಿ. ಇಂಜೆಕ್ಷನ್ ಇರುವ ಈಗಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದುಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಇಂಧನವನ್ನು ಪೂರ್ತಿ ಕಡಿದುಹಾಕುತ್ತದೆ. ಇಳಿಜಾರೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದೊಡನೆ, ಎಂಜಿನ್ ಆರದಂತೆ ಇಟ್ಟುಕೊಳ್ಳಲು ಅದು ಮತ್ತೆ ಪೆಟ್ರೋಲ್ ಸುಡಲು ಶುರುಮಾಡುತ್ತದೆ. ಎಂಜಿನ್ನಿನ ಹಿಡಿತ ತಪ್ಪಿದ್ದರಿಂದ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ತಿರುವು ತಿರುವಿಗೂ ಬ್ರೇಕ್ ಕಾಯುತ್ತದೆ, ಅತಿಯಾಗಿ ಕಾದ ಬ್ರೇಕ್ ಒತ್ತಿದರೂ ಹಿಡಿಯುವುದಿಲ್ಲ. ಆರಿಸಿ ಇಳಿಸುವವರು ಇನ್ನೂ ಅಪಾಯದಲ್ಲಿದ್ದಾರೆ: ಪವರ್ ಸ್ಟೀರಿಂಗ್ ಹೋಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.