ಯಾರ ಕಿವಿಗೆ ನಿಶ್ಶಬ್ದ?

ನಮಸ್ಕಾರ.

ಡೀಸೆಲ್ ಮತ್ತು ಅಣುಶಕ್ತಿ ಸಬ್‌ಮರೀನ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕಾಗುಣಿತ ಶುದ್ಧವಾಗಿದೆ, ವಿಷಯವೂ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ನನ್ನ ತಲೆ ಕೆಡಿಸಿದ್ದು ನಿಮ್ಮ ಎರಡನೇ ವಾಕ್ಯ. ‘ಡೀಸೆಲ್ ಸಬ್‌ಮರೀನ್ ಸಂಪೂರ್ಣ ನಿಶ್ಶಬ್ದ, ಅಣುಶಕ್ತಿಯದು ಗದ್ದಲದ ಗೂಡು.’ ಡೀಸೆಲ್ ಎಂಜಿನ್ ನಿಶ್ಶಬ್ದವೇ? ನಮ್ಮ ಕಡೆ ತೋಟದಲ್ಲಿ ಡೀಸೆಲ್ ಪಂಪ್‌ಸೆಟ್ ಶುರುವಾದರೆ ಪಕ್ಕದ ಊರಿಗೂ ಗೊತ್ತಾಗುತ್ತದೆ. ನಿಶ್ಶಬ್ದವಾಗಿರುವುದು ಎಂಜಿನ್ ಅಲ್ಲ, ಬ್ಯಾಟರಿ. ಮುಳುಗಿದ ಮೇಲೆ ಎಂಜಿನ್ ಬಂದ್, ಬ್ಯಾಟರಿಯಲ್ಲಿ ಮೋಟಾರು ಓಡುತ್ತದೆ. ಚಾರ್ಜ್ ಇಳಿದಾಗ ಮೇಲಕ್ಕೆ ಬಂದು, ಸ್ನಾರ್ಕೆಲ್ ಕೊಳವೆಯನ್ನು ನೀರಿನಿಂದ ಹೊರಗೆ ಚಾಚಿ, ಗಾಳಿ ಎಳೆದುಕೊಂಡು ಎಂಜಿನ್ ಓಡಿಸಲೇಬೇಕು. ಆಗ ಸದ್ದು ನೀರಿಗಿಳಿಯುತ್ತದೆ, ಕೊಳವೆಯ ತುದಿ ರೇಡಾರಿಗೆ ಸಿಗುತ್ತದೆ. ನಿಮ್ಮ ಆರು ಪುಟಗಳಲ್ಲಿ ಸ್ನಾರ್ಕೆಲ್ ಅನ್ನುವ ಪದವೇ ಇಲ್ಲ! ಮದುವೆ ಊಟದ ಬಗ್ಗೆ ಬರೆದು ಅನ್ನ ಮರೆತ ಹಾಗಾಯಿತು.

ಬ್ಯಾಟರಿ ಮುಗಿದರೆ ಏನಾಗುತ್ತದೆ ಎಂಬುದಕ್ಕೆ 1962ರ ಕ್ಯೂಬಾ ಬಿಕ್ಕಟ್ಟು ನೋಡಿ. ಸೋವಿಯತ್ ಒಕ್ಕೂಟದ ಬಿ-59 ಡೀಸೆಲ್ ಸಬ್‌ಮರೀನ್. ಅದರೊಳಗೆ ಅಣು ಸಿಡಿತಲೆಯ ಟಾರ್ಪೆಡೊ ಇತ್ತು. ಅಮೆರಿಕದ ಹಡಗುಗಳು ಅದನ್ನು ಹುಡುಕಿ ಮೇಲೆ ಸುತ್ತುಗಟ್ಟಿ ನಿಂತವು. ಕೆಳಗೆ ಬ್ಯಾಟರಿ ಇಳಿಯುತ್ತಿದೆ, ಗಾಳಿ ಕೆಡುತ್ತಿದೆ, ಸೆಖೆ ತಡೆಯಲಾಗುತ್ತಿಲ್ಲ. ಅಕ್ಟೋಬರ್ 27ರಂದು ಅದು ಮೇಲೆ ಬರಲೇಬೇಕಾಯಿತು, ಶತ್ರುಗಳ ನಡುವೆಯೇ. ಆ ‘ಸಂಪೂರ್ಣ’ ಎಷ್ಟು ಹೊತ್ತಿನದು, ಹೇಳಿ?

ನಾನು ಟ್ರೈನಿಯಾಗಿದ್ದಾಗ ಒಂದು ಅಕ್ಕಿ ಗಿರಣಿಯ ಬಗ್ಗೆ ‘ಕಿವಿಗಡಚಿಕ್ಕುವ ಸದ್ದು’ ಎಂದು ಬರೆದಿದ್ದೆ. ಡೆಸ್ಕಿನ ಹಿರಿಯರೊಬ್ಬರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ ಗೀಚಿದರು: ‘ಯಾರ ಕಿವಿ?’ ಸಿಟ್ಟು ಬಂತು. ಆದರೂ ಮರುದಿನ ಸೈಕಲ್ ತುಳಿದುಕೊಂಡು ಮತ್ತೆ ಹೋದೆ. ಗಿರಣಿಯೊಳಗಿನವರು ಆರಾಮಾಗಿ ಹರಟೆ ಹೊಡೆಯುತ್ತಿದ್ದರು. ಗೋಳು ಹೇಳಿಕೊಂಡವರು ಹಿಂದಿನ ಮನೆಯ ಅಜ್ಜಿ, ಅದೂ ರಾತ್ರಿ ಪಾಳಿಯ ಬಗ್ಗೆ. ಹಗಲೆಲ್ಲ ಲಾರಿಗಳ ಗಲಾಟೆಯಲ್ಲಿ ಗಿರಣಿ ಇದೆ ಅನ್ನುವುದೇ ಅವರಿಗೆ ಮರೆತುಹೋಗುತ್ತಿತ್ತಂತೆ.

ಸಬ್‌ಮರೀನ್ ಕತೆಯೂ ಅಷ್ಟೇ ಅಲ್ವಾ? ದಡದ ಹತ್ತಿರ, ಮೀನುಗಾರಿಕೆ ದೋಣಿಗಳು, ಸರಕು ಹಡಗುಗಳು ಓಡಾಡುವ ಕಡೆ, ಆಳ ಕಡಿಮೆ ಇರುವ ನೀರಿನಲ್ಲಿ ನೀರಿನೊಳಗಿನ ಸದ್ದು ಆಲಿಸಿ ಸಬ್‌ಮರೀನ್ ಹುಡುಕುವ ಸೋನಾರಿಗೆ ಬರೀ ಗೊಂದಲ. ಬ್ಯಾಟರಿಯಲ್ಲಿ ಮೆಲ್ಲಗೆ ಹೋಗುವ ಡೀಸೆಲ್ ಸಬ್‌ಮರೀನ್ ಅಲ್ಲಿ ಹಗಲಿನ ಗಿರಣಿ. ನಿಮ್ಮ ಲೇಖನದಲ್ಲಿ ಸಮುದ್ರಕ್ಕೆ ಸದ್ದೇ ಇಲ್ಲ.

ಇನ್ನು ನಾಲ್ಕನೇ ಪುಟ. ‘2005ರಲ್ಲಿ ಸ್ವೀಡನ್ನಿನ ಗಾಟ್‌ಲಂಡ್ ಎಂಬ ಡೀಸೆಲ್ ಸಬ್‌ಮರೀನ್ ಅಮೆರಿಕದ ರೊನಾಲ್ಡ್ ರೀಗನ್ ಹಡಗನ್ನು ಮುಳುಗಿಸಿ ಜಗತ್ತನ್ನೇ ಬೆಚ್ಚಿಬೀಳಿಸಿತು.’ ‘ಮುಳುಗಿಸಿ’ಯ ಹಿಂದೆ ‘ಸಮರಾಭ್ಯಾಸದಲ್ಲಿ’ ಅನ್ನುವ ಪದ ಎಲ್ಲಿ ಹೋಯಿತು? ಅಮೆರಿಕವೇ ಬಾಡಿಗೆಗೆ ತರಿಸಿಕೊಂಡು, ಸ್ಯಾನ್ ಡಿಯೇಗೊದಲ್ಲಿ ಎರಡು ವರ್ಷ ಇಟ್ಟುಕೊಂಡು ತಾಲೀಮು ಮಾಡಿದ ಸಬ್‌ಮರೀನ್ ಅದು. ಮತ್ತೆ, ಅದು ಬರೀ ಡೀಸೆಲ್ ಅಲ್ಲ. ದ್ರವ ಆಮ್ಲಜನಕದ ನೆರವಿನಿಂದ ನಡೆಯುವ ಸ್ಟರ್ಲಿಂಗ್ ಎಂಜಿನ್ ಇರುವುದರಿಂದ ಸ್ನಾರ್ಕೆಲ್ ಇಲ್ಲದೆ ಸುಮಾರು ಎರಡು ವಾರ ಮುಳುಗಿರಬಲ್ಲದು. ಆದರೆ ನಡಿಗೆ ಐದು ನಾಟ್‌ನ, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರಿನ ಆಸುಪಾಸು. ಈ ‘ಆದರೆ’ಯನ್ನು ನೀವು ಯಾಕೆ ಬಿಟ್ಟಿರಿ? ಕತೆ ಸಪ್ಪೆಯಾಗುತ್ತದೆ ಅಂತಲೇ? ನನಗೆ ಅದೇ ರುಚಿ.

ಅಣುಶಕ್ತಿಯ ಸಬ್‌ಮರೀನಿಗೆ ಈ ಆಮೆ ನಡಿಗೆಯ ಕಷ್ಟವಿಲ್ಲ. 20 ನಾಟ್ ದಾಟಿ ವಾರಗಟ್ಟಲೆ ಓಡಬಲ್ಲದು, ಗಾಳಿಗಾಗಿ ಮೇಲೆ ಬರುವ ಹಂಗಿಲ್ಲ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಎರಡೂ ಇದ್ದವು. ಬ್ರಿಟನ್ನಿನ ಅಣುಶಕ್ತಿಯ ಕಾಂಕರರ್ ಅಷ್ಟು ದೂರ ಹೋಗಿ, ಅರ್ಜೆಂಟೀನಾದ ಬೆಲ್‌ಗ್ರಾನೋ ಹಡಗಿನ ಬೆನ್ನು ಹತ್ತಿ, ಮೇ 2ರಂದು ಅದನ್ನು ಮುಳುಗಿಸಿತು. ಅರ್ಜೆಂಟೀನಾದ ಡೀಸೆಲ್ ಸಬ್‌ಮರೀನ್ ಸಾನ್ ಲೂಯಿಸ್‌ನ ಟಾರ್ಪೆಡೊಗಳು ಗುರಿ ತಾಗಲಿಲ್ಲ, ಆದರೆ ಬ್ರಿಟಿಷರು ಎಷ್ಟು ತಡಕಾಡಿದರೂ ಅದು ಕೈಗೆ ಸಿಗಲಿಲ್ಲ. ಈ ಜೋಡಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇದ್ದಿದ್ದರೆ ‘ಯಾವುದು ಮೇಲು’ ಎಂಬ ನಿಮ್ಮ ಕೊನೆಯ ಪುಟವೇ ಬೇಕಿರಲಿಲ್ಲ.

ಮೂರನೇ ಪುಟದಲ್ಲಿ ಒಂದು ಸಾಲನ್ನು ಕಂಸದೊಳಗೆ ಬಚ್ಚಿಟ್ಟಿದ್ದೀರಿ: ‘ರಿಯಾಕ್ಟರ್ ತಣ್ಣಗಿಡುವ ಪಂಪನ್ನು ಮನಸ್ಸು ಬಂದಾಗ ನಿಲ್ಲಿಸುವ ಹಾಗಿಲ್ಲ.’ ಇಡೀ ಲೇಖನದಲ್ಲಿ ನಾನು ಎರಡು ಸಲ ಓದಿದ್ದು ಇದೊಂದನ್ನೇ. ಅಣುಶಕ್ತಿಯ ಸಬ್‌ಮರೀನಿನ ಸದ್ದಿಗೆ ಒಂದು ಮುಖ್ಯ ಕಾರಣ ಆ ಪಂಪು, ಅಲ್ಲಿಂದಲೇ ಶುರು ಮಾಡಿ. ನಿಧಾನಕ್ಕೆ ಹೋಗುವಾಗ ದೊಡ್ಡ ಪಂಪಿಲ್ಲದೆ ನೀರು ತಾನಾಗಿಯೇ ಸುತ್ತುವ ರಿಯಾಕ್ಟರುಗಳೂ ಇವೆ, ಅದನ್ನೂ ಸೇರಿಸಿ. ‘ಗದ್ದಲದ ಗೂಡು’ ತಾನಾಗಿಯೇ ಬಿದ್ದುಹೋಗುತ್ತದೆ. ಆರು ಪುಟ ಬೇಡ, ಮೂರು ಸಾಕು. ‘ನಿಶ್ಶಬ್ದ’ ಅಂತ ಬರೆದ ಕಡೆಯೆಲ್ಲ ಎಷ್ಟು ವೇಗದಲ್ಲಿ, ಎಷ್ಟು ಹೊತ್ತು, ಯಾರ ಕಿವಿಗೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಮುಂದಿನ ತಿಂಗಳು ಕಳಿಸಿ.